ಬಣ್ಣದ ಕೆಳಗಿನ ಬರಹ: ಒಂದು ಮಿಲಿಟರಿ ಟ್ರಕ್ಕಿನ ಜೀರ್ಣೋದ್ಧಾರದಿಂದ ಕಲಿತ ಚರಿತ್ರೆ



ಸಮ್ಮೇಳನದ ಪ್ರಧಾನ ಭಾಷಣಕ್ಕೆ ಹಳೆಯ ಟ್ರಕ್ಕೊಂದನ್ನು ವಿಷಯವಾಗಿ ಆರಿಸಿಕೊಂಡಿದ್ದೇನೆ ಎಂದಾಗ ಸಂಘಟಕರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಆಗಲಿ, ಇಲ್ಲಿ ಅರ್ಧ ಸಭೆ ಮೋಟಾರು ಕಂಪನಿಗಳಲ್ಲೇ ಕೆಲಸ ಮಾಡುವುದು" ಎಂದು ಒಪ್ಪಿದರು. ಅದೂ ನಿಜವೇ. ಆದರೆ ನಾನು ಇಂದು ಮಾತನಾಡುವುದು ಇಂಜಿನ್ನಿನ ಬಗ್ಗೆ ಅಲ್ಲ, ಚರಿತ್ರೆಯ ಬಗ್ಗೆ. ಹಳೆಯ ಮಿಲಿಟರಿ ಟ್ರಕ್ಕನ್ನು ಬಿಚ್ಚಿ ಸರಿಪಡಿಸುವವರಿಗೆ ಅದರೊಳಗೆ ಏನೇನೋ ಸಿಗುತ್ತದೆ. ಸಿಕ್ಕಿದ್ದನ್ನು ಓದಬಲ್ಲವರಿಗೆ ಆ ಟ್ರಕ್ಕೇ ಒಂದು ಶಾಸನ. ತೊಡಕೆಂದರೆ, ಟ್ರಕ್ಕನ್ನು ಹೊಸದಾಗಿ ಹೊಳೆಯಿಸುವ ಕೆಲಸವೇ ಆ ಶಾಸನವನ್ನು ಅಳಿಸಿಬಿಡಬಲ್ಲದು. ನನ್ನ ಮಾತಿನ ತಿರುಳು ಇಷ್ಟೇ.

ನಾವಿರುವ ನೆಲ

1940ರ ಡಿಸೆಂಬರ್ 29ರಂದು ಅಧ್ಯಕ್ಷ ರೂಸ್‌ವೆಲ್ಟ್ ರೇಡಿಯೊದಲ್ಲಿ ಮಾತನಾಡುತ್ತಾ ಅಮೆರಿಕವು ಪ್ರಜಾಪ್ರಭುತ್ವದ ಶಸ್ತ್ರಾಗಾರ ಆಗಬೇಕೆಂದರು. ಆ ಮಾತು ಬೇರೆಲ್ಲ ಊರುಗಳಿಗಿಂತ ಹೆಚ್ಚಾಗಿ ಡೆಟ್ರಾಯಿಟ್‌ಗೆ ಅಂಟಿಕೊಂಡಿತು. 1942ರ ಫೆಬ್ರವರಿಯಲ್ಲಿ ಜನಸಾಮಾನ್ಯರಿಗಾಗಿ ಕಾರು ಮಾಡುವುದು ನಿಂತೇ ಹೋಯಿತು. ವಿಲ್ಲೊ ರನ್‌ನಲ್ಲಿ ಫೋರ್ಡ್ ಕಂಪನಿ 8,685 ಬಿ-24 ಬಾಂಬರುಗಳನ್ನು ಕಟ್ಟಿತು. ವಾರೆನ್‌ನಲ್ಲಿ ಆಲ್ಬರ್ಟ್ ಕಾನ್ ವಿನ್ಯಾಸ ಮಾಡಿದ ಕಾರ್ಖಾನೆಯಿಂದ ಕ್ರೈಸ್ಲರ್ 22,000ಕ್ಕೂ ಹೆಚ್ಚು ಟ್ಯಾಂಕುಗಳನ್ನು ಹೊರಡಿಸಿತು. ಪಾಂಟಿಯಾಕ್‌ನಲ್ಲಿ ಎರಡೂವರೆ ಟನ್ನಿನ ಜಿಎಂಸಿ ಟ್ರಕ್ಕುಗಳು ತಯಾರಾದವು. ಆ ಮಾದರಿಯ ಒಟ್ಟು ಸಂಖ್ಯೆ 5 ಲಕ್ಷ ದಾಟಿತು. ವಾರೆನ್‌ನ ಡಾಡ್ಜ್ ಟ್ರಕ್ ಕಾರ್ಖಾನೆ 1938ರಲ್ಲಿ ಶುರುವಾದದ್ದು. ಇಂದಿಗೂ ನಡೆಯುತ್ತಿದೆ, ಇಲ್ಲಿ ಕುಳಿತವರಲ್ಲಿ ಕೆಲವರು ಅದರ ಗೇಟು ದಾಟಿಯೇ ಕೆಲಸಕ್ಕೆ ಹೋಗುತ್ತೀರಿ.

ಶಿಕಾಗೊದವರು ಬೇಸರಪಡಬೇಡಿ. ನಿಮ್ಮೂರಿನಲ್ಲಿ 1905ರಲ್ಲಿ ಹುಟ್ಟಿದ ಡೈಮಂಡ್ ಟಿ ಕಂಪನಿಯು ಟ್ಯಾಂಕು ಹೊತ್ತ ಟ್ರೇಲರನ್ನೇ ಎಳೆಯಬಲ್ಲ ಭಾರಿ ಟ್ರಕ್ಕುಗಳನ್ನು ಮಾಡಿತು. ಬ್ರಿಟಿಷ್ ಸೇನೆ ಡೀಸೆಲ್ ಇಂಜಿನ್ನೇ ಬೇಕೆಂದು ಕೇಳಿದ್ದರಿಂದ ಅವುಗಳಿಗೆ ಹರ್ಕ್ಯುಲಿಸ್ ಡೀಸೆಲ್ ಇಂಜಿನ್ ಕೂರಿಸಿದರು. ನಗರದ ದಕ್ಷಿಣದಲ್ಲಿ ಬಿ-29 ವಿಮಾನದ ಇಂಜಿನ್ ಮಾಡುತ್ತಿದ್ದ ಡಾಡ್ಜ್ ಕಾರ್ಖಾನೆಯ ಜಾಗದಲ್ಲೇ ಆಮೇಲೆ ಫೋರ್ಡ್ ಸಿಟಿ ಮಾಲ್ ಬಂತು.

ಆ ಟ್ರಕ್ಕುಗಳೆಲ್ಲ ಎಲ್ಲಿ ಹೋದವು? ಎಷ್ಟೋ ಯುದ್ಧದಲ್ಲಿ ಮುಗಿದವು. ಉಳಿದವನ್ನು ಸರ್ಕಾರ ಹೆಚ್ಚುವರಿ ಮಾಲೆಂದು ಮಾರಿತು. ರೈತರು ಕೊಂಡರು, ಮರ ಕಡಿಯುವವರು ಕೊಂಡರು, ಸಣ್ಣ ಊರುಗಳ ಅಗ್ನಿಶಾಮಕ ದಳಗಳು ಕೊಂಡವು. ಅವುಗಳಲ್ಲಿ ಕೆಲವು ಇನ್ನೂ ಕೊಟ್ಟಿಗೆಗಳಲ್ಲಿ, ಹುಲ್ಲಿನ ಪೆಂಡಿಗಳ ಹಿಂದೆ ನಿಂತಿವೆ.

ಎಲ್ಲಿ ಏನು ಅಡಗಿರುತ್ತದೆ

ಗುಪ್ತನಿಧಿ ಎಂದರೆ ಯಾರಿಗೆ ಕುತೂಹಲವಿಲ್ಲ? 2017ರಲ್ಲಿ ಇಂಗ್ಲೆಂಡಿನ ಸಂಗ್ರಾಹಕರೊಬ್ಬರು ಇರಾಕ್ ಸೇನೆಯದಾಗಿದ್ದ ಟ್ಯಾಂಕೊಂದನ್ನು ಕೊಂಡು, ಅದರ ಡೀಸೆಲ್ ಟ್ಯಾಂಕಿನೊಳಗೆ ಐದು ಚಿನ್ನದ ಗಟ್ಟಿಗಳನ್ನು ಕಂಡರು. 1990ರಲ್ಲಿ ಕುವೈತಿನಿಂದ ಲೂಟಿಯಾದ ಚಿನ್ನವಿರಬಹುದೆಂಬ ಗುಮಾನಿಯಿಂದ ಅದನ್ನು ಪೊಲೀಸರಿಗೆ ಒಪ್ಪಿಸಿದರು. ಇಂಥದ್ದು ಎಲ್ಲೋ ಒಮ್ಮೆ. ಸಾಮಾನ್ಯವಾಗಿ ಟ್ರಕ್ಕಿನಲ್ಲಿ ಸಿಗುವ ನಿಧಿಗೆ ಮಾರುಕಟ್ಟೆಯಲ್ಲಿ ಬೆಲೆಯೇ ಇರುವುದಿಲ್ಲ.

ಮೊದಲನೆಯದು ಡ್ಯಾಶ್‌ಬೋರ್ಡಿನ ತಗಡು ಫಲಕ. ಗಾಡಿಯ ಮಾದರಿ, ಕ್ರಮಸಂಖ್ಯೆ, ತೂಕ, ಸೇನೆಗೆ ಒಪ್ಪಿಸಿದ ದಿನಾಂಕ, ಯಾವ ಗೇರಿನಲ್ಲಿ ಎಷ್ಟು ವೇಗ ಮೀರಬಾರದು, ಎಲ್ಲವೂ ಅದರಲ್ಲಿರುತ್ತದೆ. ನಮ್ಮ ತಾಮ್ರಶಾಸನದ ಹಾಗೆಯೇ: ಯಾರು, ಯಾರಿಗೆ, ಯಾವತ್ತು, ಏನನ್ನು ಕೊಟ್ಟರು. ಎರಡನೆಯದು ಚಾಸಿಯ ಮೇಲೆ ಮತ್ತು ಇಂಜಿನ್ನಿನ ಮೇಲೆ ಒತ್ತಿದ ಸಂಖ್ಯೆಗಳು. ಸೇನಾ ಡಿಪೋಗಳಲ್ಲಿ ಇಂಜಿನ್ ಬದಲಿಸುವುದು ಮಾಮೂಲಾದ್ದರಿಂದ ಎರಡೂ ಒಂದೇ ಕಾಲದವು ಎಂದು ನಂಬುವಂತಿಲ್ಲ. ಮೂರನೆಯದು ಬಿಡಿಭಾಗಗಳ ಗುರುತು. ಫೋರ್ಡ್ ಕಂಪನಿ ತಾನು ಮಾಡಿದ ಜೀಪಿನ ಬೋಲ್ಟುಗಳ ತಲೆಯ ಮೇಲೂ ತನ್ನ 'ಎಫ್' ಅಕ್ಷರವನ್ನು ಒತ್ತುತ್ತಿತ್ತು. ಇಂದಿಗೂ ಸಂಗ್ರಾಹಕರು ಹಳೆಯ ಬೋಲ್ಟುಗಳ ಡಬ್ಬಿಯ ಮುಂದೆ ಕುಳಿತು, ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಆ ಅಕ್ಷರ ಹುಡುಕುತ್ತಾರೆ.

ನಾಲ್ಕನೆಯದು ಬಣ್ಣ. ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡ ದಾಖಲೆ ಅದೇ. ಅಮೆರಿಕದ ಸೇನೆಯ ಪ್ರತಿ ಗಾಡಿಗೂ ಬಾನೆಟ್ಟಿನ ಮೇಲೆ ನೋಂದಣಿ ಸಂಖ್ಯೆ ಬರೆಯುತ್ತಿದ್ದರು. ಮೊದಮೊದಲು ಮಂಕು ನೀಲಿಯಲ್ಲಿ, ಆಮೇಲೆ ಬಿಳಿಯಲ್ಲಿ. ಬಂಪರಿನ ಮೇಲೆ ಡಿವಿಜನ್, ರೆಜಿಮೆಂಟು, ಕಂಪನಿ, ಸಾಲಿನಲ್ಲಿ ಎಷ್ಟನೆಯ ಗಾಡಿ ಎಂಬ ಸಂಕೇತ. ಮೈಮೇಲೆ ಐದು ಮೊನೆಯ ಬಿಳಿ ನಕ್ಷತ್ರ. 1943ರ ಸಿಸಿಲಿ ದಾಳಿಯ ಹೊತ್ತಿಗೆ ನಕ್ಷತ್ರದ ಸುತ್ತ ಒಂದು ವೃತ್ತ ಬಂತು, ಆಕಾಶದಿಂದ ನೋಡುವವರಿಗೆ ತಮ್ಮವರೆಂದು ತಿಳಿಯಲಿ ಎಂದು. ಇಂಥ ಟ್ರಕ್ಕು ಇಂಥ ದಳದಲ್ಲಿತ್ತು ಎಂದು ಸಂಖ್ಯೆ ಹಿಡಿದು ಹುಡುಕಬಲ್ಲ ಒಟ್ಟು ದಫ್ತರ ಸಂಗ್ರಾಹಕರ ಕೈಗೆ ಸಿಗುವುದಿಲ್ಲ. ಆದ್ದರಿಂದ ಬಂಪರಿನ ಆ ನಾಲ್ಕು ಅಕ್ಷರ ಅಳಿಸಿದರೆ ಟ್ರಕ್ಕಿನ ಊರು, ಹೆಸರು, ನಂಟು ಎಲ್ಲವೂ ಹೋದ ಹಾಗೆ.

ನಮ್ಮ ಗ್ಯಾರೇಜಿನ ಡಾಡ್ಜ್

ನಮ್ಮ ಪಕ್ಕದ ಮನೆಯವರು ಟೂಲ್ ಅಂಡ್ ಡೈ ಕೆಲಸದಿಂದ ನಿವೃತ್ತರಾದ ಹಿರಿಯರು. ಮಿಷಿಗನ್ನಿನ ಒಂದು ಹೊಲದ ಕೊಟ್ಟಿಗೆಯಿಂದ ಅವರು ಮುಕ್ಕಾಲು ಟನ್ನಿನ ಡಾಡ್ಜ್ ಟ್ರಕ್ಕೊಂದನ್ನು ತಂದರು. ಸೇನೆಯ ಲೆಕ್ಕದಲ್ಲಿ ಅದು ಡಬ್ಲ್ಯುಸಿ-51, ಆರು ಸಿಲಿಂಡರಿನ 92 ಅಶ್ವಶಕ್ತಿಯ ಗಾಡಿ, ಫಲಕದ ಪ್ರಕಾರ 1943ರದ್ದು. ಎರಡು ಚಳಿಗಾಲ ವಾರಾಂತ್ಯಗಳಲ್ಲಿ ನಾನು ಅವರ ಸಹಾಯಕ. ಲ್ಯಾಪ್‌ಟಾಪಿನ ಮುಂದೆ ಕುಳಿತು ಕುಳಿತು ಮರಗಟ್ಟಿದ ಬೆನ್ನಿಗೆ ಆ ಕೆಲಸ ಹಿತವಾಗಿತ್ತು.

ಟ್ರಕ್ಕು ಬಂದಾಗ ಕೆಂಪಾಗಿತ್ತು. ಯಾವುದೋ ಹಳ್ಳಿಯ ಅಗ್ನಿಶಾಮಕ ದಳದಲ್ಲಿ ದುಡಿದ ಕುರುಹು ಅದು. ಬದಿಯಲ್ಲಿ ಚಿನ್ನದ ಬಣ್ಣದ ಅಕ್ಷರಗಳ ತುಣುಕು ಕಾಣುತ್ತಿತ್ತು. ಬಾನೆಟ್ಟಿನ ಒಂದು ಮೂಲೆಯಲ್ಲಿ ಅಂಗೈಯಗಲದ ಜಾಗವನ್ನು ನುಣುಪು ಸ್ಯಾಂಡ್‌ಪೇಪರನ್ನು ನೀರಿನಲ್ಲಿ ಅದ್ದಿ ಮೆಲ್ಲನೆ ಉಜ್ಜಿದೆವು. ಒಣ ಉಜ್ಜುವಿಕೆ ಬೇಡವೆಂದದ್ದು ಅವರೇ: ಹಳೆಯ ಬಣ್ಣದಲ್ಲಿ ಸೀಸ, ಬ್ರೇಕಿನಲ್ಲಿ ಆಸ್ಬೆಸ್ಟಾಸ್, ಗೇಜಿನ ಮುಳ್ಳುಗಳಲ್ಲಿ ರೇಡಿಯಂ ಇರಬಹುದು, ಅಡಗಿರುವುದೆಲ್ಲ ಒಳ್ಳೆಯದೇ ಎಂದುಕೊಳ್ಳಬಾರದು. ಕೆಂಪಿನ ಕೆಳಗೆ ತುಸು ಹೊಳಪಿನ ಹಸಿರು ಕಂಡಿತು. ಅದರ ಕೆಳಗೆ ಹೊಳಪೇ ಇಲ್ಲದ ಯುದ್ಧಕಾಲದ ಆಲಿವ್ ಹಸಿರು. ಅದರ ಮೇಲೆ ನೀಲಿ ಛಾಯೆಯ ಅಂಕಿಗಳ ಸಾಲು, ಮೊದಲ ಅಂಕಿ 2. ಹಗುರ ಟ್ರಕ್ಕುಗಳ ಸಂಖ್ಯೆ 2ರಿಂದಲೇ ಶುರುವಾಗುತ್ತಿತ್ತು. ಮರದ ಕಾಂಡದ ಉಂಗುರಗಳ ಹಾಗೆ ಆ ಅಂಗೈಯಗಲದಲ್ಲಿ ಗಾಡಿಯ ಆಯುಷ್ಯವೆಲ್ಲ ಇತ್ತು.

ಸೀಟಿನ ಕೆಳಗಿನ ಮಣ್ಣು ಕೆರೆದಾಗ ತುಕ್ಕು ಹಿಡಿದ ಒಂದು ಸೆಂಟು ಸಿಕ್ಕಿತು. 1943ರ ಸೆಂಟು ತಾಮ್ರದ್ದಲ್ಲ, ಸತು ಲೇಪಿಸಿದ ಉಕ್ಕಿನದು. ತಾಮ್ರ ಮದ್ದುಗುಂಡಿಗೆ ಬೇಕಾಗಿತ್ತು. ಅದನ್ನು ಕೈಯಲ್ಲಿ ಹಿಡಿದಾಗ ನನಗೆ ನೆನಪಾದದ್ದು ನಮ್ಮ ತೂತಿನ ಕಾಸು. ಅದೇ 1943ರಲ್ಲಿ, ಅದೇ ಲೋಹದ ಬರಕ್ಕಾಗಿ, ಬ್ರಿಟಿಷ್ ಇಂಡಿಯಾ ಸರ್ಕಾರ ಕಾಸಿನ ನಡುವೆ ದೊಡ್ಡ ತೂತು ಕೊರೆದು ಟಂಕಿಸತೊಡಗಿತು. ಅಜ್ಜಿಯರ ಪೆಟ್ಟಿಗೆಯಲ್ಲಿ, ಮಕ್ಕಳ ಉಡಿದಾರದಲ್ಲಿ ಅದನ್ನು ಕಂಡವರು ಇಲ್ಲಿ ಇನ್ನೂ ಇದ್ದೀರಿ. ಭೂಮಿಯ ಎರಡು ತುದಿಗಳಲ್ಲಿ ಬಡವರ ಜೇಬಿನ ನಾಣ್ಯ ಒಂದೇ ಯುದ್ಧಕ್ಕೆ ಲೋಹ ಬಿಟ್ಟುಕೊಟ್ಟಿತ್ತು.

ಕೊನೆಗೆ, ಹಿಂಬದಿಯ ತೊಟ್ಟಿಯನ್ನು ಎತ್ತಿ ಇಳಿಸಿದಾಗ ಅದರ ಅಡ್ಡತೊಲೆಯ ಸಂದಿನಿಂದ ಒಂದು ಪಿತ್ತಳೆ ಬಿಲ್ಲೆ ಜಾರಿ ಬಿತ್ತು. ರೂಪಾಯಿಯಗಲ, ಮೇಲೊಂದು ತೂತು, ನಾಲ್ಕು ಅಂಕಿಗಳು. ನಾನು ಸೈನಿಕನ ಗುರುತುಬಿಲ್ಲೆಯೆಂದುಕೊಂಡರೆ ಹಿರಿಯರು ತಲೆಯಾಡಿಸಿದರು. "ಇದು ಟೂಲ್ ಚೆಕ್" ಎಂದರು. ಕಾರ್ಖಾನೆಯ ಟೂಲ್ ರೂಮಿನಲ್ಲಿ ಕೆಲಸಗಾರ ತನ್ನ ಸಂಖ್ಯೆಯ ಬಿಲ್ಲೆ ಒಪ್ಪಿಸಿ ಉಪಕರಣ ಪಡೆಯಬೇಕು, ಉಪಕರಣ ಹಿಂದಿರುಗಿಸಿದರೆ ಬಿಲ್ಲೆ ವಾಪಸ್ಸು. ಗಾಡಿ ಕಟ್ಟಿದವರದೋ, ಡಿಪೋದಲ್ಲಿ ಮರುಜೋಡಿಸಿದವರದೋ, ಬಿಲ್ಲೆ ಹೇಳುವುದಿಲ್ಲ. ದುಡಿಯುವ ಒಂದು ಕೈಯಿಂದ ಜಾರಿದ್ದು ಎಂಬುದಷ್ಟೇ ನಿಶ್ಚಯ.

ಬಿಲ್ಲೆಯ ಹಿಂದಿನ ಮನುಷ್ಯ

ಆ ಕೈ ಯಾರದಿರಬಹುದು? ಯುದ್ಧಕಾಲದ ಡೆಟ್ರಾಯಿಟ್‌ಗೆ ದಕ್ಷಿಣದ ಹೊಲಗಳಿಂದ ಕರಿಯರೂ ಬಂದರು, ಅಪಲಾಚಿಯದ ಬೆಟ್ಟಗಳಿಂದ ಬಿಳಿಯರೂ ಬಂದರು, ಮನೆಗಳಿಂದ ಹೆಂಗಸರು ಬಂದರು. 1941ರ ಜೂನ್ 25ರ ಅಧ್ಯಕ್ಷರ ಆದೇಶ ರಕ್ಷಣಾ ಉದ್ಯಮದಲ್ಲಿ ಜನಾಂಗ ಭೇದ ಮಾಡಬಾರದೆಂದಿತ್ತು. ಆದರೂ 1943ರ ಜೂನ್‌ನಲ್ಲಿ ಪ್ಯಾಕರ್ಡ್ ಕಾರ್ಖಾನೆಯಲ್ಲಿ ಮೂವರು ಕರಿಯ ಕೆಲಸಗಾರರಿಗೆ ಬಡ್ತಿ ಕೊಟ್ಟರೆಂದು 25,000 ಬಿಳಿಯ ಕೆಲಸಗಾರರು ಕೆಲಸ ಬಿಟ್ಟು ಹೊರನಡೆದರು. ಅದೇ ತಿಂಗಳ ಗಲಭೆಯಲ್ಲಿ 34 ಜನ ಸತ್ತರು, ಅವರಲ್ಲಿ 25 ಮಂದಿ ಕರಿಯರು. ಪ್ರಜಾಪ್ರಭುತ್ವದ ಶಸ್ತ್ರಾಗಾರ ಎಂಬ ಹೊಳೆಯುವ ಬಣ್ಣದ ಕೆಳಗೆ ಈ ಪದರವೂ ಇದೆ. ಮರುವರ್ಷ ಫ್ರಾನ್ಸಿನ ರಸ್ತೆಗಳಲ್ಲಿ ಇದೇ ಮಿಷಿಗನ್ನಿನ ಟ್ರಕ್ಕುಗಳಲ್ಲಿ ಸೇನೆಗೆ ಪೆಟ್ರೋಲು, ಅನ್ನ, ಗುಂಡು ಹೊತ್ತ ರೆಡ್ ಬಾಲ್ ಎಕ್ಸ್‌ಪ್ರೆಸ್ ಸಾಲಿನ ಚಾಲಕರಲ್ಲಿ ಸುಮಾರು ಮುಕ್ಕಾಲು ಪಾಲು ಕರಿಯರೇ ಆಗಿದ್ದರು.

ನಮ್ಮವರ ಮಾತೂ ಇಲ್ಲೇ ಬರಬೇಕು. ಆ ಫಲಕದ ಮೇಲೆ ದಿನಾಂಕ ಒತ್ತಿದ 1943ರಲ್ಲಿ ಭಾರತೀಯರಿಗೆ ಈ ದೇಶದ ಬಾಗಿಲು ಮುಚ್ಚಿತ್ತು. 1917ರ ಕಾನೂನು ಬರುವುದನ್ನೇ ತಡೆದಿತ್ತು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಭಾರತೀಯರು ಪೌರರಾಗಲು ಅರ್ಹರಲ್ಲ ಎಂದಿತು. ಥಿಂಡ್ ಅವರು ಮೊದಲ ಮಹಾಯುದ್ಧದಲ್ಲಿ ಇದೇ ಅಮೆರಿಕದ ಸೇನೆಯ ಸಮವಸ್ತ್ರ ತೊಟ್ಟವರು. 1946ರ ಜುಲೈ 2ರ ಲೂಸ್-ಸೆಲ್ಲರ್ ಕಾಯ್ದೆ ಬಾಗಿಲನ್ನು ಒಂದಿಷ್ಟು ತೆರೆಯಿತು: ವರ್ಷಕ್ಕೆ 100 ಜನ. ನಮ್ಮ ಗ್ರೀನ್ ಕಾರ್ಡ್ ಸಾಲಿನ ಉದ್ದಕ್ಕೆ ನಿಟ್ಟುಸಿರು ಬಿಡುವಾಗ ಆ ನೂರು ಎಂಬ ಅಂಕಿಯನ್ನೂ ನೆನೆಯಬೇಕು.

ಪಿತ್ತಳೆ ಬಿಲ್ಲೆಯ ಸಂಖ್ಯೆಯಿಂದ ಹೆಸರಿಗೆ ಹೋಗುವ ದಾರಿ ನಮಗೆ ಸಿಗಲಿಲ್ಲ. ನಮ್ಮ ಕೊರಳಿನ ಬ್ಯಾಡ್ಜಿನಲ್ಲಿಯೂ ಒಂದು ಸಂಖ್ಯೆಯಿದೆ. ನಾವು ಬರೆದ ಕೋಡು, ತಿದ್ದಿದ ವಿನ್ಯಾಸ, ಪರೀಕ್ಷಿಸಿದ ಬ್ರೇಕು ಯಾವುದರ ಮೇಲೂ ನಮ್ಮ ಹೆಸರಿರುವುದಿಲ್ಲ. ಎಂಬತ್ತು ವರ್ಷದ ಮೇಲೆ ಯಾರೋ ಬಿಚ್ಚಿ ನೋಡಿದರೆ ನಮ್ಮದೆಂದು ಏನು ಉದುರೀತು?

ಯಾವ ಬಣ್ಣ ಬಳಿಯುವುದು?

ಟ್ರಕ್ಕು ಓಡುವಂತಾದ ಮೇಲೆ ನಮ್ಮಿಬ್ಬರಲ್ಲಿ ಚರ್ಚೆ ಹತ್ತಿತು. ಹಿರಿಯರ ತಂದೆ ನಾರ್ಮಂಡಿಯಲ್ಲಿ ಇಳಿದವರು. ಮೆಮೋರಿಯಲ್ ಡೇ ಮೆರವಣಿಗೆಗೆ ಟ್ರಕ್ಕಿನ ಬಂಪರಿನ ಮೇಲೆ ತಂದೆಯ ದಳದ ಗುರುತು, ಬಾನೆಟ್ಟಿನ ಮೇಲೆ ವೃತ್ತದೊಳಗಿನ ನಕ್ಷತ್ರ ಬರೆಸಬೇಕೆಂಬುದು ಅವರ ಬಹುಕಾಲದ ಆಸೆ. ಆದರೆ ಬಣ್ಣದ ಪದರಗಳು ಬೇರೆ ಕಥೆ ಹೇಳುತ್ತಿದ್ದವು. ನಕ್ಷತ್ರದ ಸುತ್ತ ವೃತ್ತದ ಸುಳಿವಿರಲಿಲ್ಲ. ಬಂಪರಿನ ಮೇಲೆ ಉಳಿದ ಅರ್ಧಂಬರ್ಧ ಅಕ್ಷರಗಳು ಅವರ ತಂದೆಯ ದಳಕ್ಕೆ ಹೊಂದುತ್ತಿರಲಿಲ್ಲ. ಈ ಗಾಡಿ ಸಮುದ್ರ ದಾಟಿತ್ತು ಎನ್ನಲು ಆಧಾರವಿರಲಿಲ್ಲ. ಹಳ್ಳಿಯವರ ಮನೆಗೆ ಬೆಂಕಿ ಬಿದ್ದಾಗ ಓಡಿತ್ತು ಎನ್ನಲು ಬೇಕಾದಷ್ಟಿತ್ತು.

"ಅಪ್ಪನಿಗೆ ಒಂದು ಟ್ರಕ್ಕು ಸುಳ್ಳು ಹೇಳಿದರೆ ಯಾರಿಗೆ ನಷ್ಟ?" ಎಂದು ಅವರು ಕೇಳಿದ್ದು ನ್ಯಾಯವಾಗಿಯೇ ಇತ್ತು. ಮಗನ ಪ್ರೀತಿಯ ಮುಂದೆ ಪದರಗಳ ವಾದ ಹೂಡುವುದು ಸುಲಭವಲ್ಲ. ನಾನು ಹೇಳಿದ್ದು ಇಷ್ಟು: ನಮ್ಮ ನಾಡಿನಲ್ಲಿ ವೀರಗಲ್ಲುಗಳಿವೆ. ಊರಿಗಾಗಿ ಸತ್ತವನ ನೆನಪಿಗೆ ನಿಲ್ಲಿಸಿದ ಕಲ್ಲು. ಒಬ್ಬನ ವೀರಗಲ್ಲಿನ ಮೇಲೆ ಇನ್ನೊಬ್ಬನ ಹೆಸರು ಕೆತ್ತಿದರೆ ಇಬ್ಬರೂ ಕಳೆದುಹೋಗುತ್ತಾರೆ. ಬೇಗೂರಿನಲ್ಲಿ ಸುಮಾರು 890ರ ಕಾಲದ ವೀರಗಲ್ಲೊಂದು ಉಳಿದಿದ್ದರಿಂದಲೇ 'ಬೆಂಗಳೂರು' ಎಂಬ ಹೆಸರು ಅಷ್ಟು ಹಳೆಯದೆಂದು ನಮಗೆ ಗೊತ್ತಾಯಿತು. ಕೆತ್ತಿಸಿದವರಿಗೆ ಅದು ಒಂದು ಊರಿನ ಹೆಸರಷ್ಟೇ. ಅದು ಮುಂದೆ ಯಾರಿಗೆ ಬೇಕಾದೀತೆಂದು ಅವರು ಲೆಕ್ಕ ಹಾಕಿರಲಿಲ್ಲ.

ಅವರು ಒಂದು ವಾರ ಯೋಚಿಸಿದರು. ಕೊನೆಗೆ ಟ್ರಕ್ಕಿಗೆ ಆಲಿವ್ ಹಸಿರು ಬಳಿದೆವು, ಅದರದ್ದೇ ನೋಂದಣಿ ಸಂಖ್ಯೆ ಬರೆದೆವು. ಬಾನೆಟ್ಟಿನ ಆ ಅಂಗೈಯಗಲ ಜಾಗವನ್ನೂ ಬದಿಯ ಕೆಂಪು ಪಟ್ಟಿಯೊಂದನ್ನೂ ಉಜ್ಜದೆ, ಬಳಿಯದೆ ಹಾಗೇ ಬಿಟ್ಟೆವು. ಮೆರವಣಿಗೆಯಲ್ಲಿ ತಂದೆಯ ಭಾವಚಿತ್ರ ಅವರ ಪಕ್ಕದ ಸೀಟಿನಲ್ಲಿತ್ತು. ಹಸಿರು ಗಾಡಿಗೆ ಕೆಂಪು ತೇಪೆ ಯಾಕೆ ಎಂದು ಮಕ್ಕಳು ಕೇಳಿದರು. ಅವರು ಬಲು ಉತ್ಸಾಹದಿಂದ ಎರಡೂ ಕಥೆ ಹೇಳಿದರು.

ನದಿಯಾಚೆಯ ಟ್ರಕ್ಕು, ನಮ್ಮೂರಿನ ಲಾರಿ

ಇದೆಲ್ಲ ಅಮೆರಿಕದವರ ಚರಿತ್ರೆ, ನಮಗೇನು ಎನ್ನುವವರಿಗೆ ಒಂದು ಮಾತು. ಡೆಟ್ರಾಯಿಟ್ ನದಿಯ ಆಚೆ ದಡದ ವಿಂಡ್ಸರ್‌ನಲ್ಲಿ ಫೋರ್ಡ್, ಒಶಾವಾದಲ್ಲಿ ಜನರಲ್ ಮೋಟಾರ್ಸ್ ಯುದ್ಧಕಾಲದಲ್ಲಿ ಮೊಂಡು ಮೂಗಿನ ಸೇನಾ ಟ್ರಕ್ಕುಗಳನ್ನು ಮಾಡಿದವು. ಕೆನಡಾದ ಒಟ್ಟು ಸೇನಾ ಗಾಡಿಗಳ ಸಂಖ್ಯೆ 8 ಲಕ್ಷ ದಾಟಿತು. ಅವುಗಳಲ್ಲಿ ದೊಡ್ಡ ಪಾಲು ಬ್ರಿಟಿಷ್ ಸಾಮ್ರಾಜ್ಯದ ಸೇನೆಗಳಿಗೆ, ಅಂದರೆ ನಮ್ಮವರಿಗೂ, ಹೋಯಿತು. ಕೆನಡಾದಿಂದ ಬಂದ ಚಾಸಿಗಳ ಮೇಲೆ ಭಾರತದಲ್ಲೇ ಉಕ್ಕಿನ ಕವಚ ಕೂರಿಸಿ 4,600ಕ್ಕೂ ಹೆಚ್ಚು ಕವಚಗಾಡಿಗಳನ್ನು ಮಾಡಿದರು. ಆ ಯುದ್ಧದಲ್ಲಿ ಭಾರತದ ಸೇನೆಯಲ್ಲಿದ್ದವರು 25 ಲಕ್ಷ ಜನ. ಕೊಡಗಿನ ತಿಮ್ಮಯ್ಯನವರು ಬರ್ಮಾದ ಅರಕಾನ್‌ನಲ್ಲಿ ಬೆಟಾಲಿಯನ್ ನಡೆಸಿದ್ದು ಆ ಕಾಲದಲ್ಲೇ. ಮಡಿಕೇರಿಯ ಅವರ ಮನೆ 'ಸನ್ನಿಸೈಡ್' 2021ರಿಂದ ವಸ್ತುಸಂಗ್ರಹಾಲಯವಾಗಿದೆ, ಊರಿಗೆ ಹೋದಾಗ ಮಕ್ಕಳಿಗೆ ತೋರಿಸಿ.

ಬೆಂಗಳೂರಿನ ನಂಟು ಇನ್ನೂ ಹತ್ತಿರದ್ದು. ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ ಯೂರೋಪು, ಅಮೆರಿಕ ಸುತ್ತಿ ಮೋಟಾರು ಕಾರ್ಖಾನೆಗಳನ್ನು ನೋಡಿ ಭಾರತಕ್ಕೊಂದು ಯೋಜನೆ ಬರೆದರು. ಅದು ಮೈಸೂರು ಸಂಸ್ಥಾನದಲ್ಲಿ ಕೈಗೂಡಲಿಲ್ಲ. ಆದರೆ 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಜೊತೆಗೂಡಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರು ಮಾಡಿದರು. 1943ರಿಂದ ಅಲ್ಲಿ ಅಮೆರಿಕದ ವಾಯುಪಡೆ ತನ್ನ ವಿಮಾನಗಳನ್ನು ದುರಸ್ತಿ ಮಾಡಿಸಿಕೊಂಡಿತು. ಯುದ್ಧ ಮುಗಿದ ಮೇಲೆ ಅದೇ ಕಾರ್ಖಾನೆಯ ಕೈಗಳು ಬಸ್ಸಿನ ಮೈಯನ್ನೂ ರೈಲಿನ ಬೋಗಿಯನ್ನೂ ಕಟ್ಟಿದವು. ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಂದಿಗೆ ಹೊರಟಿತು.

ಇನ್ನು 'ಡಿಸ್ಪೋಸಲ್' ಎಂಬ ಮಾತನ್ನು ಹಿರಿಯರ ಬಾಯಲ್ಲಿ ಕೇಳಿರುತ್ತೀರಿ. ಡಿಸ್ಪೋಸಲ್ ಲಾರಿ, ಡಿಸ್ಪೋಸಲ್ ಜೀಪು, ಡಿಸ್ಪೋಸಲ್ ಕಂಬಳಿ. ಸೇನೆ ಮಾರಿದ ಗಾಡಿಗೆ ಮರದ ಮೈ ಕಟ್ಟಿಸಿ ದಿಮ್ಮಿ ಹೊತ್ತವರು, ಕಾಫಿ ತೋಟದ ಏರಿನಲ್ಲಿ ಜೀಪು ಹತ್ತಿಸಿದವರು ನಮ್ಮ ಮಲೆನಾಡಿನಲ್ಲಿ ಎಷ್ಟೋ ಮಂದಿ. ಅವರ ಗಾಡಿಯ ಬಾನೆಟ್ಟಿನ ಮೇಲೆ ಅರಿಶಿನ ಕುಂಕುಮ, ಆಯುಧಪೂಜೆಯ ಮಾವಿನ ತೋರಣ. ಅದರ ಕೆಳಗೆ ಹಸಿರು, ಅದರ ಕೆಳಗೆ ನಾವು ಇವತ್ತು ದಿನವೂ ಓಡಾಡುವ ಈ ಪ್ರದೇಶದ ಕೆಲಸಗಾರರ ಬೆರಳಚ್ಚು. ನಮ್ಮ ಊರಿಗೆ ನಮಗಿಂತ ಎಷ್ಟೋ ಮೊದಲೇ ಈ ಊರು ಹೋಗಿ ಬಂದಿತ್ತು.

ಉಜ್ಜುವ ಮೊದಲು

ಬಂಧುಗಳೇ, ಶಾಸನತಜ್ಞರು ಕಲ್ಲನ್ನು ಸಿಕ್ಕಾಪಟ್ಟೆ ಉಜ್ಜುವುದಿಲ್ಲ. ಮೆಲ್ಲನೆ ತೊಳೆದು, ಒದ್ದೆ ಕಾಗದ ಒತ್ತಿ, ಮಸಿ ತಟ್ಟಿ ಅಚ್ಚು ತೆಗೆಯುತ್ತಾರೆ. 1936ರಲ್ಲಿ ಎಂ.ಎಚ್. ಕೃಷ್ಣ ಅವರು ಹಲ್ಮಿಡಿಯ ಕಲ್ಲನ್ನು ಕಂಡು ಓದಿದ್ದರಿಂದ ಕನ್ನಡದ ವಯಸ್ಸೇ ನಮಗೆ ತಿಳಿಯಿತು. ಇಂದು ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಬೀದಿ ಬದಿಯ, ಚರಂಡಿ ಪಕ್ಕದ ಶಾಸನಗಳನ್ನು ಮೂರು ಆಯಾಮದ ಸ್ಕ್ಯಾನ್ ಮಾಡಿ ಉಳಿಸುತ್ತಿದ್ದಾರೆ. ಆ ಶ್ರದ್ಧೆಯನ್ನು ನಮ್ಮ ಗ್ಯಾರೇಜಿಗೂ ಅಟ್ಟಕ್ಕೂ ತರುವುದು ಕಷ್ಟವಲ್ಲ.

ಹಳೆಯ ಗಾಡಿಯೋ, ಯಂತ್ರವೋ, ಪೆಟ್ಟಿಗೆಯೋ ಕೈಗೆ ಬಂದರೆ ಮೊದಲು ಎಲ್ಲ ಕಡೆಯಿಂದ ಫೋಟೊ ತೆಗೆಯಿರಿ. ಸಿಕ್ಕ ವಸ್ತು ಎಲ್ಲಿ ಸಿಕ್ಕಿತೆಂದು ಅಲ್ಲೇ ಬರೆದಿಡಿ. ಜಾಗ ಮರೆತರೆ ಅರ್ಧ ಅರ್ಥ ಹೋಯಿತು. ಸೈನಿಕನ ಹೆಸರಿರುವ ಬಿಲ್ಲೆ ಸಿಕ್ಕರೆ ಮಾರಬೇಡಿ, ಮನೆಯವರನ್ನು ಹುಡುಕಿ. ಮದ್ದುಗುಂಡಿನಂಥದ್ದು ಕಂಡರೆ ಮುಟ್ಟದೆ ಪೊಲೀಸರನ್ನು ಕರೆಯಿರಿ. ಡೆಟ್ರಾಯಿಟ್ ಸಾರ್ವಜನಿಕ ಗ್ರಂಥಾಲಯದ ಮೋಟಾರು ಚರಿತ್ರೆಯ ಸಂಗ್ರಹ, ವೇಯ್ನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಕಾರ್ಮಿಕರ ಕಾಗದಪತ್ರಗಳಿರುವ ರೂಥರ್ ಗ್ರಂಥಾಲಯ, ಶಿಕಾಗೊದ ನ್ಯಾಷನಲ್ ಆರ್ಕೈವ್ಸ್, ವೀಟನ್‌ನ ಕ್ಯಾಂಟಿನಿ ಸೇನಾ ಮ್ಯೂಸಿಯಂ, ಇವೆಲ್ಲ ಒಂದು ಶನಿವಾರದ ದಾರಿಯಷ್ಟೇ ದೂರ.

ಇದೇ ಕೆಲಸವನ್ನು ನಮ್ಮ ಕೂಟಗಳಿಗೂ ಮಾಡೋಣ. ಶಿಕಾಗೊದ ವಿದ್ಯಾರಣ್ಯ ಕನ್ನಡ ಕೂಟ, ಡೆಟ್ರಾಯಿಟ್‌ನ ಪಂಪ ಕನ್ನಡ ಕೂಟ ಕಟ್ಟಿದ ತಲೆಮಾರಿನವರ ಮನೆಗಳ ಬೇಸ್‌ಮೆಂಟಿನಲ್ಲಿ ಕೈಬರಹದ ಕರಪತ್ರಗಳು, ನಾಟಕದ ಪಾತ್ರಪಟ್ಟಿಗಳು, ಅಡುಗೆಗೆ ಯಾರು ಏನು ತರಬೇಕೆಂಬ ಚೀಟಿಗಳು, ಕ್ಯಾಸೆಟ್ಟುಗಳು ಇವೆ. ಮನೆ ಮಾರುವಾಗ ಅವು ಕಸದ ತೊಟ್ಟಿಗೆ ಹೋಗುತ್ತವೆ. ಸ್ಮರಣ ಸಂಚಿಕೆಯಲ್ಲಿ ಉಳಿಯುವುದು ಶಾಲು ಹೊದಿಸಿದ ಫೋಟೊಗಳು ಮಾತ್ರ, ಅಂದರೆ ಮೇಲಿನ ಬಣ್ಣ. ಕುರ್ಚಿ ಜೋಡಿಸಿದವರ, ಪಾತ್ರೆ ತೊಳೆದವರ, ಕೆಲಸ ಹೋದ ಗೆಳೆಯನಿಗೆ ಮನೆಯ ಒಂದು ಕೋಣೆ ಬಿಟ್ಟುಕೊಟ್ಟವರ ಹೆಸರು ಕೆಳಗಿನ ಪದರದಲ್ಲಿದೆ. ಅವರಲ್ಲಿ ಹಲವರು ಇಂದು ಈ ಸಭೆಯಲ್ಲೇ ಇದ್ದಾರೆ, ಕೇಳಿದರೆ ಹೇಳುತ್ತಾರೆ. ಊಟದ ಬಿಡುವಿನಲ್ಲಿ ಪಕ್ಕದಲ್ಲಿ ಕೂತ ಹಿರಿಯರನ್ನು ಒಂದು ಪ್ರಶ್ನೆ ಕೇಳಿ, ಉತ್ತರವನ್ನು ಹೆಸರು ಮತ್ತು ವರ್ಷದ ಸಮೇತ ಬರೆದಿಟ್ಟುಕೊಳ್ಳಿ. ಈ ಸಮ್ಮೇಳನದಿಂದ ನಾನು ಕೇಳಿಕೊಳ್ಳುವುದು ಅಷ್ಟು ಮಾತ್ರ.